ಸಾಫ್ಟಾ: ಫ್ಯಾಮಿಲಿ ಥೆರಪಿ ಕಲಿಸುವವರ ಕೈಯಲ್ಲಿ ಇರಲೇಬೇಕಾದ ಸಾಧನ

"ಕ್ಲೈಂಟ್ ಜೊತೆ ಒಳ್ಳೆಯ ಸಂಬಂಧ ಬೆಳೆಸಿಕೊಳ್ಳಿ" ಅಂತ ಟ್ರೈನಿಗಳಿಗೆ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ತೋರಿಸುವವರು ಕಡಿಮೆ. ಅದರಲ್ಲೂ ಗಂಡ, ಹೆಂಡತಿ, ಅತ್ತೆ, ಮುಖ ಊದಿಸಿಕೊಂಡ ಮಗ ಎಲ್ಲರೂ ಒಟ್ಟಿಗೆ ಎದುರಿಗೆ ಕೂತಾಗ ಏನು ಮಾಡಬೇಕು? ಇದನ್ನು ಕಲಿಸಲು ನಾನು ಬಳಸುವುದು ಸಾಫ್ಟಾ (SOFTA, ಸಿಸ್ಟಮ್ ಫಾರ್ ಅಬ್ಸರ್ವಿಂಗ್ ಫ್ಯಾಮಿಲಿ ಥೆರಪಿ ಅಲೈಯನ್ಸಸ್). ಅಂದರೆ ಮನೆಯವರನ್ನು ಒಟ್ಟಿಗೆ ಕೂರಿಸಿ ಮಾಡುವ ಥೆರಪಿಯಲ್ಲಿ ಅವರಿಗೂ ಥೆರಪಿಸ್ಟ್‌ಗೂ, ಅವರವರ ನಡುವೆಯೂ ಹೊಂದಾಣಿಕೆ ಹೇಗಿದೆ ಅಂತ ನೋಡಿ ಅಳೆಯುವ ವಿಧಾನ. ಅಮೆರಿಕದ ಮಿರ್ನಾ ಫ್ರೀಡ್‌ಲ್ಯಾಂಡರ್, ಲಾರಿ ಹೆದರಿಂಗ್ಟನ್ ಮತ್ತು ಸ್ಪೇನಿನ ವ್ಯಾಲೆಂಟಿನ್ ಎಸ್ಕುದೇರೊ ಸೇರಿ ಮಾಡಿದ್ದು. ಇದರ ಪುಸ್ತಕ 2006ರಲ್ಲಿ ಬಂತು.

ಮನೆಯವರ ಒಪ್ಪಿಗೆ ಪಡೆದು ತೆಗೆದ ಸೆಷನ್ ವಿಡಿಯೊ ನೋಡುತ್ತಾ, ಯಾರು ಏನು ಹೇಳಿದರು, ಹೇಗೆ ಕೂತರು ಅಂತ ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಕೊನೆಗೆ -3ರಿಂದ +3ರವರೆಗೆ ಅಂಕ ಕೊಡಬೇಕು. ನೋಡುವುದು ನಾಲ್ಕು ವಿಷಯ: ಮನಸ್ಸಿಟ್ಟು ತೊಡಗಿಕೊಂಡಿದ್ದಾರಾ, ಥೆರಪಿಸ್ಟ್ ಜೊತೆ ನಂಟು ಬೆಳೆದಿದೆಯಾ, ಮನೆಯವರ ಮುಂದೆ ಮನಸ್ಸು ಬಿಚ್ಚಲು ಧೈರ್ಯ ಇದೆಯಾ, ಎಲ್ಲರಿಗೂ ಉದ್ದೇಶ ಒಂದೇನಾ.

ನನಗೆ ಇದು ಇಷ್ಟವಾಗಲು ಕಾರಣ, ಕೊನೆಯದು ಬಿಟ್ಟು ಉಳಿದ ಮೂರರಲ್ಲಿ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ನೋಡಿಸುವುದು. ಟ್ರೈನಿ ಅಮ್ಮನ ಮಾತಿಗೆ ತಲೆಯಾಡಿಸುತ್ತಾ ಅವರ ಪಕ್ಷವೇ ಆಗಿಬಿಟ್ಟಿರುತ್ತಾರೆ, ಮಗ ಅಷ್ಟರಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಬಾಗಿಲ ಕಡೆ ನೋಡುತ್ತಿರುತ್ತಾನೆ, ಆದರೂ ಹೊರಗೆ ಬಂದು "ಸೆಷನ್ ಚೆನ್ನಾಗಿತ್ತು ಮೇಡಂ" ಅನ್ನುತ್ತಾರೆ. ವಿಡಿಯೊ ನಿಲ್ಲಿಸಿ ಅಮ್ಮನಿಗೆ ಎಷ್ಟು ಅಂಕ, ಮಗನಿಗೆ ಎಷ್ಟು ಅಂತ ಕೇಳಿದರೆ ಸಾಕು, ಅವರಿಗೇ ಗೊತ್ತಾಗುತ್ತದೆ. ನಾನು ಭಾಷಣ ಮಾಡುವ ಅಗತ್ಯವೇ ಇಲ್ಲ. ಥೆರಪಿಸ್ಟ್ ಏನು ಮಾಡಿದರು ಅಂತ ನೋಡುವ ಪಟ್ಟಿಯೂ ಬೇರೆ ಇದೆ, ಮನೆಯವರು ಬೈದಾಡುವಾಗ ಸುಮ್ನೆ ಕೂತರಾ ಅನ್ನುವುದೂ ಅದರಲ್ಲಿ ಸೇರಿದೆ.

ಕೊರತೆಯೂ ಇದೆ. ಮನೆಯವರು ಒಬ್ಬರ ಮುಖ ಒಬ್ಬರು ನೋಡದಿದ್ದರೆ ಇಲ್ಲಿ ಅದು ಕೆಟ್ಟ ಗುರುತು. ನಮ್ಮಲ್ಲಿ ಮಾವನ ಎದುರು ಸೊಸೆ ತಲೆ ತಗ್ಗಿಸಿ ಕೂತರೆ ಅದು ಭಯವೂ ಇರಬಹುದು, ಬರೀ ಮರ್ಯಾದೆಯೂ ಇರಬಹುದು, ಅಲ್ವಾ? ಅಂಥ ಕಡೆ ಅಂಕ ಕೊಡುವ ಮೊದಲು ಟ್ರೈನಿಗಳ ಜೊತೆ ಕೂತು ಮಾತಾಡಲೇಬೇಕು. ಪಟ್ಟಿಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಸಮಯವೂ ಜಾಸ್ತಿ ಹಿಡಿಯುತ್ತದೆ.

ಹೊಸಬರಿಗೆ ನಾಲ್ಕನ್ನೂ ಒಟ್ಟಿಗೆ ಕೊಡಬೇಡಿ. ಧೈರ್ಯದ ಭಾಗವೊಂದರಿಂದಲೇ ಶುರು ಮಾಡಿ. ಇಬ್ಬಿಬ್ಬರು ಬೇರೆ ಬೇರೆಯಾಗಿ ಅಂಕ ಹಾಕಲಿ, ಹೊಂದದ ಕಡೆ ವಿಡಿಯೊ ಹಿಂದಕ್ಕೆ ಓಡಿಸಿ ಮತ್ತೆ ನೋಡಲಿ.