ಕೈಯಿಂದ ನಡೆಸುವ ಹೈಡ್ರಾಲಿಕ್ ಸ್ಟ್ಯಾಕರ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ನಮ್ಮ ಗೋದಾಮಿನಲ್ಲಿ ಹದಿನಾಲ್ಕು ತಿಂಗಳಿಂದ ದಿನವೂ ಬಳಸುತ್ತಿರುವ ಕೈ ಸ್ಟ್ಯಾಕರಿನ (ಭಾರವನ್ನು ಎತ್ತಿ ಸಾಗಿಸುವ ಗಾಡಿಯ) ಕುರಿತು ಬರೆಯುತ್ತಿದ್ದೇನೆ. ಹ್ಯಾಂಡಲನ್ನು ಪಂಪ್ ಮಾಡಿದರೆ 1000 ಕೆ.ಜಿ.ವರೆಗಿನ ಭಾರವನ್ನು 1600 ಮಿ.ಮೀ. ಎತ್ತರಕ್ಕೆ ಏರಿಸುತ್ತದೆ. ಮೋಟಾರಿಲ್ಲವೆಂಬ ಕಾರಣಕ್ಕೆ ಇದರಿಂದ ಅಪಾಯವಿಲ್ಲವೆಂದು ಭಾವಿಸುವವರೇ ಹೆಚ್ಚು. ಆದರೆ ಭಾರ ಎದೆಯ ಮಟ್ಟಕ್ಕೆ ಏರಿದ ಮೇಲೆ, ಅದನ್ನು ಏರಿಸಿದ್ದು ಮೋಟಾರೋ ತೋಳೋ ಎಂಬುದರಿಂದ ಕೆಳಗಿರುವವನಿಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಈ ಯಂತ್ರದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಭಾರ ಇಳಿಸುವ ಲಿವರ್. ಮೆಲ್ಲಗೆ ಒತ್ತಿದಷ್ಟೂ ಮೆಲ್ಲಗೆ ಇಳಿಯುವುದರಿಂದ ತುಂಬಿದ ಪ್ಯಾಲೆಟ್ (ಸರಕು ಜೋಡಿಸುವ ಹಲಗೆ) ರ‍್ಯಾಕಿನ ಮೇಲೆ ಸದ್ದಿಲ್ಲದೆ ಕೂರುತ್ತದೆ, ಕೈ ಬಿಟ್ಟ ಕೂಡಲೇ ಫೋರ್ಕ್ (ಭಾರ ಹೊರುವ ಜೋಡಿ ಉದ್ದ ಪಟ್ಟಿ) ನಿಂತಲ್ಲೇ ನಿಲ್ಲುತ್ತದೆ.

ಸಾಮರ್ಥ್ಯದ ಫಲಕದ ವಿಷಯದಲ್ಲಿ ಮಾತ್ರ ತಯಾರಕರ ಮೇಲೆ ನನಗೆ ಬೇಸರವಿದೆ. 1000 ಕೆ.ಜಿ. ಎಂಬ ಅಂಕಿಯ ಪಕ್ಕದಲ್ಲೇ 600 ಮಿ.ಮೀ. ಎಂದೂ ಇರುತ್ತದೆ, ಭಾರದ ಗುರುತ್ವ ಕೇಂದ್ರವು ಫೋರ್ಕಿನ ಬುಡದಿಂದ ಅಷ್ಟು ದೂರದೊಳಗೆ ಇದ್ದರೆ ಮಾತ್ರ ಆ ಸಾಮರ್ಥ್ಯ ಅನ್ವಯಿಸುತ್ತದೆ. ಒಮ್ಮೆ ಸುಮಾರು 700 ಕೆ.ಜಿ.ಯ ಉದ್ದನೆಯ ಪೆಟ್ಟಿಗೆಯೊಂದನ್ನು, ಅದರ ತೂಕವೆಲ್ಲ ಆಚೆಯ ತುದಿಯಲ್ಲಿದೆಯೆಂದು ತಿಳಿಯದೆ ಎತ್ತತೊಡಗಿದಾಗ ಹಿಂದಿನ ಚಕ್ರಗಳು ನೆಲ ಬಿಟ್ಟವು. ನೆಲದಿಂದ ಒಂದು ಗೇಣೂ ಏರಿರದ ಕಾರಣ, ನಮ್ಮ ಸಹೋದ್ಯೋಗಿ ಕೂಡಲೇ ಇಳಿಸಿ ಅನಾಹುತ ತಪ್ಪಿಸಿದರು. ಅಂದಿನಿಂದ ಎರಡೂ ಫೋರ್ಕುಗಳ ಮೇಲೆ 600 ಮಿ.ಮೀ. ದೂರದಲ್ಲಿ ಹಳದಿ ಬಣ್ಣದ ಗೆರೆ ಎಳೆದಿದ್ದೇವೆ. ಇಷ್ಟು ಮುಖ್ಯವಾದ ಫಲಕವನ್ನು ಲೋಹದ ಮೇಲೆ ಕೆತ್ತಿಸುವ ಬದಲು ಕಾಗದದ ಸ್ಟಿಕ್ಕರಾಗಿ ಅಂಟಿಸಿದ್ದು ಒಪ್ಪತಕ್ಕದ್ದಲ್ಲ. ಎಂಟನೇ ತಿಂಗಳಿಗೆ ನಮ್ಮದು ಓದಲಾಗದಷ್ಟು ಮಾಸಿತ್ತು.

ಕಾಲಿನಿಂದ ಒತ್ತುವ ಬ್ರೇಕ್ ಸಮತಟ್ಟಾದ ನೆಲದಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ. ಇಳಿಜಾರಿನಲ್ಲಿ ಅದನ್ನು ನಂಬಬಾರದು, ಇಳಿಜಾರಿಗೆ ಈ ಯಂತ್ರವನ್ನು ಒಯ್ಯಲೇಬಾರದು. ನೈಲಾನ್ ಚಕ್ರಗಳು ಹಗುರವಾಗಿ ಉರುಳುತ್ತವೆಯಾದರೂ ಒದ್ದೆ ನೆಲದಲ್ಲಿ ಜಾರುತ್ತವೆ, ಆದ್ದರಿಂದ ಕೊಳ್ಳುವಾಗಲೇ ಪಾಲಿಯುರೆಥೇನ್ ಚಕ್ರಗಳನ್ನು ಕೇಳುವುದು ಲೇಸು.

ಸಾಗಿಸುವಾಗ ಭಾರವನ್ನು ನೆಲದಿಂದ ಒಂದು ಗೇಣಿಗಿಂತ ಕೆಳಗೇ ಇರಿಸಿಕೊಳ್ಳಬೇಕು. ಮುಂದೆ ನಡೆಯುತ್ತ ಎಳೆದೊಯ್ಯುವವರ ಹಿಮ್ಮಡಿಗೆ ಚಕ್ರ ತಾಗುವ ಸಂಭವ ಹೆಚ್ಚಿರುವುದರಿಂದ ನಾವು ಸುರಕ್ಷತಾ ಬೂಟನ್ನು ಕಡ್ಡಾಯ ಮಾಡಿದ್ದೇವೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಫೋರ್ಕನ್ನು ಎತ್ತುವ ಚೈನಿನ ಎರಡೂ ಬದಿಯ ಬಿಗಿತ, ಸಿಲಿಂಡರಿನ ಬಳಿ ಎಣ್ಣೆಯ ಜಿನುಗು, ಫೋರ್ಕಿನ ಬುಡದಲ್ಲಿ ಬಿರುಕು, ಇವನ್ನು ನೋಡಲು ಐದು ನಿಮಿಷ ಸಾಕು. ಸ್ವಲ್ಪ ಭಾರವನ್ನು ಎತ್ತಿ ನಿಲ್ಲಿಸಿದಾಗ ತಾನಾಗಿಯೇ ಇಳಿಯುತ್ತಿದ್ದರೆ ಅಂದು ಯಂತ್ರವನ್ನು ಬಳಸಕೂಡದು.

ದಿನಕ್ಕೆ ಹತ್ತು ಹದಿನೈದು ಪ್ಯಾಲೆಟ್ ಏರಿಸುವ ಗೋದಾಮಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಅದಕ್ಕಿಂತ ಹೆಚ್ಚಿನ ಕೆಲಸವಿದ್ದಲ್ಲಿ ಬ್ಯಾಟರಿಯ ಸ್ಟ್ಯಾಕರನ್ನೇ ಕೊಳ್ಳಬೇಕು. ಸಂಜೆಯ ಹೊತ್ತಿಗೆ ತೋಳು ಸೋತವರು ಲಿವರನ್ನು ಮೆಲ್ಲಗೆ ಒತ್ತುವುದಿಲ್ಲ.