ಏಳು ಕೆಜಿ ಹೊದಿಕೆ: ಮೈಗೆ ಹಿತ, ಒಗೆಯುವವರಿಗೆ ಕಷ್ಟ

ವೆಯ್ಟೆಡ್ ಬ್ಲಾಂಕೆಟ್, ಅಂದರೆ ಮೈಯನ್ನು ಸಮವಾಗಿ ಒತ್ತಿ ಹಿತ ಕೊಡಲೆಂದು ಬೇಕಂತಲೇ ಭಾರ ಮಾಡಿದ ಹೊದಿಕೆ, ಕೊಳ್ಳುವವರು ಎಷ್ಟು ಕೆಜಿ, ಯಾವ ಬಣ್ಣ, ಒಳಗಿರುವುದು ಗಾಜಿನ ಮಣಿಯೋ ಪ್ಲಾಸ್ಟಿಕ್ಕೋ ಅಂತ ನೋಡುತ್ತಾರೆ. ತುಮಕೂರಿನಲ್ಲಿ ಇರುವವರು ಅದಕ್ಕೂ ಮೊದಲು ನೋಡಬೇಕಾದ್ದು ಮೇಲಿನ ಕವರ್ ಬಿಚ್ಚಿ ಒಗೆಯಲು ಬರುತ್ತದೋ ಇಲ್ಲವೋ ಅನ್ನುವುದನ್ನು. ಮಾಗಿ ಚಳಿ, ಏಪ್ರಿಲ್ ಧಗೆ, ಮಳೆಗಾಲದ ತೇವ ಎಲ್ಲ ಕಂಡಿರುವ ಹೊದಿಕೆಯ ಬಗ್ಗೆ ಬರೆಯುತ್ತಿದ್ದೇನೆ, ಹಾಗಾಗಿ ಈ ಮಾತು ಮೊದಲೇ ಹೇಳಿಬಿಡುತ್ತೇನೆ. 4 ಅಡಿ ಅಗಲ, 6 ಅಡಿ ಉದ್ದ, 7 ಕೆಜಿ, ಒಳಗೆ ಗಾಜಿನ ಮಣಿ. ಹೊರಬಟ್ಟೆಯನ್ನೂ ಸೇರಿಸಿಯೇ ಹೊಲಿದುಬಿಟ್ಟಿರುವ ನಮೂನೆ ಇದು. ತೊಂದರೆ ಶುರುವಾಗುವುದೇ ಆ ಕೊನೆಯ ಸಂಗತಿಯಿಂದ.

ಹೊದಿಕೆ ಕೆಲಸ ಮಾಡುತ್ತಾ ಅಂದರೆ, ಮಾಡುತ್ತೆ. ಚರ್ಮವನ್ನು ಹಗುರವಾಗಿ ಸವರಿದರೆ ಕಚಗುಳಿಯಾಗುತ್ತೆ, ಮೈ ಎಚ್ಚರವಾಗುತ್ತೆ. ಗಟ್ಟಿಯಾಗಿ, ಸಮವಾಗಿ, ಅಲುಗದಂತೆ ಒತ್ತಿದರೆ ಮೈ ಸಡಿಲವಾಗುತ್ತೆ. ರಚ್ಚೆ ಹಿಡಿದ ಮಗುವಿನ ಬೆನ್ನ ಮೇಲೆ ಅಜ್ಜಿ ಅಂಗೈ ಊರಿ ಇಟ್ಟುಕೊಳ್ಳುವ ಹಾಗೆ. ಈ ಒತ್ತಡದ ಬಗ್ಗೆ ಮೊದಮೊದಲು ಬರೆದವರಲ್ಲಿ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ಒಬ್ಬರು. ಅವರಿಗೆ ಆಟಿಸಂ (ಮಿದುಳಿನ ಬೆಳವಣಿಗೆ ಬೇರೆ ರೀತಿಯಲ್ಲಿರುವ ಸ್ಥಿತಿ) ಇದೆ. ಲಸಿಕೆ ಹಾಕುವಾಗ ದನಗಳನ್ನು ಎರಡೂ ಪಕ್ಕದಿಂದ ಒತ್ತಿ ಹಿಡಿಯುವ ಚೌಕಟ್ಟಿನೊಳಗೆ ಕೆಲವು ದನ ಶಾಂತವಾಗುವುದನ್ನು ಕಂಡು, ತಮಗಾಗಿ ಅಂಥದೇ ಒಂದು ಒತ್ತುವ ಯಂತ್ರ ಮಾಡಿಕೊಂಡರು. 1992ರಲ್ಲಿ ಅದರ ಬಗ್ಗೆ ವೈಜ್ಞಾನಿಕ ಪ್ರಬಂಧವನ್ನೂ ಪ್ರಕಟಿಸಿದರು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಹಸು ಸಾಕುವವರು ಪಶು ಆಸ್ಪತ್ರೆ ಮುಂದಿನ ಕಬ್ಬಿಣದ ಚೌಕಟ್ಟನ್ನು ನೆನೆಸಿಕೊಂಡು, ಅದರ ಪಕ್ಕಗಳು ಮೆಲ್ಲಗೆ ಒಳಕ್ಕೆ ಸರಿಯುತ್ತವೆ ಅಂದುಕೊಂಡರೆ ವಿಷಯ ಅರ್ಥವಾಗುತ್ತೆ.

ಆದರೆ ಜಾಹೀರಾತಿನ ‘ರಾತ್ರಿಯಿಡೀ ಗಾಢ ನಿದ್ದೆ’ ಬೇರೆ ಮಾತು. ಸ್ವೀಡನ್ನಿನಲ್ಲಿ ಖಿನ್ನತೆ, ಆತಂಕ, ಬೈಪೋಲಾರ್ (ಮನಸ್ಸಿನ ಅತಿ ಏರಿಳಿತ), ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಜೊತೆಗೆ ನಿದ್ರಾಹೀನತೆಯೂ ಇದ್ದ 120 ಮಂದಿಯ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. 4 ವಾರ ಕೆಲವರಿಗೆ ಒಳಗೆ ಲೋಹದ ಸರಪಳಿ ಇರುವ 6ರಿಂದ 8 ಕೆಜಿಯ ಹೊದಿಕೆ, ಉಳಿದವರಿಗೆ 1.5 ಕೆಜಿಯದು. ಭಾರದ್ದು ಹೊದ್ದವರಲ್ಲಿ ಸುಮಾರು 59 ಶೇಕಡ ಮಂದಿಗೆ ನಿದ್ರಾಹೀನತೆ ಅಳೆಯುವ ಅಂಕ ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯಿತು. ಹಗುರದ್ದು ಹೊದ್ದವರಲ್ಲಿ ಸುಮಾರು 5 ಶೇಕಡಕ್ಕೆ ಮಾತ್ರ. ದೊಡ್ಡ ವ್ಯತ್ಯಾಸವೇ. ಆದರೆ ತನಗೆ ಸಿಕ್ಕಿದ್ದು ಭಾರದ್ದೋ ಹಗುರದ್ದೋ ಅನ್ನುವುದು ಹೊದ್ದವರಿಗೆ ಗೊತ್ತಾಗದೇ ಇರುತ್ತದೆಯೇ? ಗೊತ್ತಾದರೆ ಆ ನಂಬಿಕೆಯಿಂದಲೂ ಅಂಕ ಇಳಿದಿರಬಹುದು. ಆಟಿಸಂ ಇರುವ ಮಕ್ಕಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿದ್ದೆಯ ಹೊತ್ತು ಹೆಚ್ಚಾಗಲೇ ಇಲ್ಲ. ಆದರೂ ಮಕ್ಕಳೂ ಅಪ್ಪ ಅಮ್ಮಂದಿರೂ ಭಾರದ ಹೊದಿಕೆಯೇ ಇಷ್ಟ ಅಂದರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋರುವುದು ಇಷ್ಟು: ಈ ಹೊದಿಕೆಯ ಹಿತ ಇರುವುದು ಮಲಗುವ ಹೊತ್ತಿನ ಚಡಪಡಿಕೆ ಇಳಿಸುವುದರಲ್ಲಿ. ನಡುರಾತ್ರಿ ಎಚ್ಚರವಾಗುವವರಿಗೆ, ಗೊರಕೆಯವರಿಗೆ ಇದು ಔಷಧಿಯಲ್ಲ.

ಹೊದೆಯುವುದಕ್ಕೂ ಒಂದು ಕ್ರಮವಿದೆ. ಮಲಗುವ ಮುಂಚೆ ಹೊದಿಕೆಯನ್ನು ಮಂಚದ ಕಾಲಿನ ಕಡೆ ಮೂರು ಮಡಿಕೆ ಮಾಡಿ ಇಡಬೇಕು. ಮೊದಲು ಪಾದದಿಂದ ಮಂಡಿಯವರೆಗೆ ಎಳೆದುಕೊಂಡು ಒಂದೆರಡು ನಿಮಿಷ ಸುಮ್ಮನಿರಿ. ಆಮೇಲೆ ತೊಡೆ, ಹೊಟ್ಟೆ, ಕೊನೆಗೆ ಎದೆ. ಕುತ್ತಿಗೆ ಮೇಲೆ ಬರಲೇಬಾರದು, ಕೈ ಎರಡೂ ಹೊರಗಿರಲಿ. ಗಾಜು ಮೊದಲು ತಣ್ಣಗೆ ಕೂರುತ್ತೆ, ಐದಾರು ನಿಮಿಷಕ್ಕೆ ಮೈ ಬಿಸಿಗೆ ಬರುತ್ತೆ. ಆ ಹೊತ್ತಿಗೆ ಬಿಗಿ ಹಿಡಿದ ಹೆಗಲು ಇಳಿಯುತ್ತೆ, ಕಚ್ಚಿಕೊಂಡಿದ್ದ ಹಲ್ಲು ಸಡಿಲವಾಗುತ್ತೆ. ಹೊರಳಾಡುವುದು ತಾನಾಗಿ ಕಡಿಮೆಯಾಗುತ್ತೆ, ಯಾಕಂದರೆ ಮಗ್ಗುಲಾಗಬೇಕಾದರೆ ಸ್ವಲ್ಪ ಶ್ರಮ ಬೇಕು. ಹೊಸಬರಿಗೆ ಮೊದಲ ಕೆಲವು ರಾತ್ರಿ ಉಸಿರು ಕಟ್ಟಿದಂತೆ ಅನ್ನಿಸಬಹುದು. ಅಂಥವರು ಮಂಡಿಯವರೆಗೆ ಮಾತ್ರ ಹೊದ್ದು, ದಿನಕ್ಕೆ ಒಂದು ಗೇಣು ಮೇಲೆ ತರಲಿ.

ನಿರೀಕ್ಷೆಯೇ ಇಲ್ಲದ ಸುಖ ಸಿಗುವುದು ಹಗಲಲ್ಲಿ. ಹೊದಿಕೆಯನ್ನು ಎರಡು ಮಡಿಕೆ ಮಾಡಿ, ಕುರ್ಚಿಯಲ್ಲಿ ಕೂತು ತೊಡೆ ಮೇಲೆ ಹಾಕಿಕೊಳ್ಳಿ. ಇಡೀ ಬಿಚ್ಚಿದಾಗ ಒಂದು ಚದರ ಅಡಿಗೆ ಸುಮಾರು 290 ಗ್ರಾಂ ಭಾರ ಬೀಳುತ್ತೆ, ಮಡಿಸಿದರೆ 580 ಗ್ರಾಂ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುತ್ತಾ ಕಾಲು ಅಲ್ಲಾಡಿಸುವ ಮಕ್ಕಳಿಗೆ, ಸಂಜೆ ಕೆಲಸದಿಂದ ಬಂದು ತಲೆ ಗಿರ್ರೆನ್ನುವವರಿಗೆ ಇಪ್ಪತ್ತು ನಿಮಿಷ ಸಾಕು. ರಾತ್ರಿಯ ಉಪಯೋಗಕ್ಕಿಂತ ಇದಕ್ಕೇ ನನ್ನ ಹೆಚ್ಚು ಅಂಕ.

ತೂಕದ ಲೆಕ್ಕ: ಮೈ ತೂಕದ ಹತ್ತನೇ ಒಂದು ಭಾಗ ಅನ್ನುವುದು ಎಲ್ಲರೂ ಹೇಳುವ ಅಂದಾಜು, ಅದು ವೈದ್ಯರ ನಿಯಮವಲ್ಲ. 60 ಕೆಜಿಯವರಿಗೆ 6 ಕೆಜಿ. ವಯಸ್ಸಾದವರು, ಕೀಲು ನೋವಿನವರು ಅದಕ್ಕಿಂತ ಕಡಿಮೆಯದನ್ನೇ ತೆಗೆದುಕೊಳ್ಳಲಿ. ದೊಡ್ಡದು ಕೊಂಡರೆ ಒತ್ತಡ ಹೆಚ್ಚು ಅಂದುಕೊಳ್ಳುವುದು ತಪ್ಪು. 5 ಅಡಿಗೆ 6 ಅಡಿ 8 ಇಂಚಿನ 9 ಕೆಜಿ ಹೊದಿಕೆಯಲ್ಲಿ ಚದರ ಅಡಿಗೆ ಬೀಳುವುದು 270 ಗ್ರಾಂ, ಅಂದರೆ 7 ಕೆಜಿಯ ಚಿಕ್ಕದಕ್ಕಿಂತ ಕಡಿಮೆ. ಜೊತೆಗೆ ಅದು ಮಂಚದ ಅಂಚಿನಿಂದ ಕೆಳಗೆ ಜೋತು ಬಿದ್ದು ರಾತ್ರಿಯಿಡೀ ಎಳೆಯುತ್ತಲೇ ಇರುತ್ತೆ. ಗಂಡ ಹೆಂಡತಿಗೆ ಒಂದೇ ಹೊದಿಕೆ ಅನ್ನುವುದು ಇದರಲ್ಲಿ ಆಗದ ಮಾತು.

ಕೊಳ್ಳುವಾಗ ಹೊಲಿಗೆಯ ಚೌಕಗಳನ್ನು ಅಳೆದು ನೋಡಿ. 4 ಇಂಚಿನ ಚೌಕವಾದರೆ ಈ ಅಳತೆಯಲ್ಲಿ 216 ಮನೆ, ಬಟ್ಟೆಯ ತೂಕ ಕಳೆದರೆ ಮನೆಯೊಂದಕ್ಕೆ 27 ಗ್ರಾಂ ಆಸುಪಾಸು ಮಣಿ. 6 ಇಂಚಿನದಾದರೆ 96 ಮನೆ, ಒಂದೊಂದರಲ್ಲಿ 60 ಗ್ರಾಂ. ಅಷ್ಟೂ ಒಂದು ಮೂಲೆಗೆ ಜಾರಿ ಗುಡ್ಡೆಯಾಗುತ್ತೆ, ಒತ್ತಡ ಸಮವಾಗಿ ಬೀಳುವುದಿಲ್ಲ. ಒಂದು ಮೂಲೆ ಹಿಡಿದು ಅಲ್ಲಾಡಿಸಿ. ಜೋರಾಗಿ ಸರಸರ ಸದ್ದು ಬಂದರೆ ಮಣಿಯ ಸುತ್ತ ಹತ್ತಿಯ ಪದರ ತೆಳುವಾಗಿದೆ ಅಂತ ಲೆಕ್ಕ. ಅಂಚಿನಲ್ಲಿ ಜೋಡಿ ಹೊಲಿಗೆ ಇಲ್ಲದಿದ್ದರೆ ಕೊಳ್ಳಬೇಡಿ. ಮಣಿ ಉದುರಲು ಶುರುವಾಗುವುದು ಅಲ್ಲಿಂದಲೇ. ನೆಲದ ಟೈಲ್ಸ್ ಮೇಲೆ ಸಾಸಿವೆಗಿಂತ ಸಣ್ಣ ಗಾಜಿನ ಮಣಿ ಬಿದ್ದರೆ ಕಾಲು ಜಾರುತ್ತೆ, ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಬಾಯಿಗೂ ಹೋಗುತ್ತೆ. ತೂತು ಕಂಡ ಕೂಡಲೇ ಮೆಡಿಕಲ್ ಟೇಪ್ ಅಂಟಿಸಿ, ಆ ಚೌಕದ ಮೇಲೆ ಪಾಪ್ಲಿನ್ ತುಂಡು ಇಟ್ಟು ನಾಲ್ಕೂ ಕಡೆ ಕೈಹೊಲಿಗೆ ಹಾಕಿ. ಒಂದು ಮನೆ ಖಾಲಿಯಾದರೂ ಪರವಾಗಿಲ್ಲ, ಪಕ್ಕದ್ದಕ್ಕೆ ಹರಿಯಬಾರದು.

ಇನ್ನು ಧಗೆ. ‘ಶಿವ ಶಿವಾ’ ಅಂತ ಚಳಿ ಹೋಗುವವರೆಗೆ ಇದಕ್ಕೆ ಸಾಟಿಯಿಲ್ಲ. ಯುಗಾದಿ ಹೊತ್ತಿಗೆ ಕಥೆ ಬದಲಾಗುತ್ತೆ. ಮಾಮೂಲಿ ರಗ್ಗಿನ ಅಂಚಿನಿಂದ ಬಿಸಿಗಾಳಿ ಹೊರಗೆ ಹೋಗುತ್ತೆ. ಇದು ಮೈಗೆ ಅಂಟಿ ಕೂರುವುದರಿಂದ ಗಾಳಿಗೆ ದಾರಿಯೇ ಇಲ್ಲ. ಫ್ಯಾನ್ ಇದ್ದರೆ ಹೇಗೋ ತಡೆದುಕೊಳ್ಳಬಹುದು, ಕರೆಂಟ್ ಹೋದ ಹತ್ತು ನಿಮಿಷಕ್ಕೆ ಬೆನ್ನು ಒದ್ದೆ. ಮಿಂಕ್, ಫ್ಲೀಸ್ ಹೊರಬಟ್ಟೆಯದಂತೂ ನಮ್ಮ ಕಡೆಗೆ ಬೇಡವೇ ಬೇಡ. ಬೇಸಿಗೆಯಲ್ಲಿ ಮಡಿಸಿ ಮಂಡಿಯಿಂದ ಕೆಳಗೆ ಮಾತ್ರ ಹಾಕಿಕೊಂಡರೆ ಅರ್ಧ ಹಿತವಾದರೂ ಸಿಗುತ್ತೆ.

ಬೆವರು ಬಂದ ಮೇಲೆ ಒಗೆಯಲೇಬೇಕಲ್ಲ. ಈ ಹೊದಿಕೆ ಮಾಡಿದವರು ನಮ್ಮ ಮನೆಗಳನ್ನು ನೋಡಿಯೇ ಇಲ್ಲ ಅಂತ ಬೇಸರ ಬರುವುದು ಇಲ್ಲೇ. ‘ಮಷಿನ್ ವಾಷ್’ ಅಂತ ಚೀಟಿ ಅಂಟಿಸಿರುತ್ತಾರೆ. 7 ಕೆಜಿ ವಾಷಿಂಗ್ ಮಷಿನ್ ಅಂದರೆ 7 ಕೆಜಿ ಒಣ ಬಟ್ಟೆಯ ಲೆಕ್ಕ. ಈ ಹೊದಿಕೆ ಒಣಗಿದ್ದಾಗಲೇ ಅಷ್ಟಿರುತ್ತೆ, ನೀರು ಕುಡಿದರೆ ಇನ್ನೂ ಭಾರ. ಹಿಂಡುವಾಗ ಭಾರವೆಲ್ಲ ಒಂದೇ ಕಡೆ ಸೇರಿ ಡ್ರಮ್ ಗಡಗಡ ಅಲ್ಲಾಡುತ್ತೆ, ಬೇರಿಂಗ್ ಹೋಗುತ್ತೆ. ಸೆಮಿ ಆಟೋಮ್ಯಾಟಿಕ್‌ನ ಹಿಂಡುವ ತೊಟ್ಟಿಯಲ್ಲಿ ಇದು ಹಿಡಿಸುವುದೂ ಇಲ್ಲ. 5 ಕೆಜಿಯ ಒಳಗಿನದಾದರೆ 8 ಕೆಜಿ ಮಷಿನ್‌ಗೆ ಹಾಕಬಹುದು, ಅದಕ್ಕಿಂತ ಭಾರದ್ದು ಕೈಯಲ್ಲೇ.

ಕೈಯಲ್ಲಿ ಅಂದರೆ ಕಲ್ಲಿಗೆ ಬಡಿಯುವುದಲ್ಲ. ಒಗೆಯುವ ಕಲ್ಲಿಗೆ ಬಡಿದರೆ ಗಾಜಿನ ಮಣಿ ಒಡೆದು ಚೂರಾಗಬಹುದು, ಆ ಚೂರು ದಾರವನ್ನು ಕತ್ತರಿಸಬಹುದು. ಬ್ರಷ್ಷೂ ಬೇಡ. ದೊಡ್ಡ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಅದಕ್ಕೆ ಲಿಕ್ವಿಡ್ ಸೋಪು, ಅದೂ ಮಾಮೂಲಿಯ ಅರ್ಧ. ನಮ್ಮ ಬೋರ್‌ವೆಲ್ ನೀರು ಗಡಸು. ಪುಡಿ ಹಾಕಿದರೆ ಚೌಕಗಳ ಒಳಗೆ ಬಿಳಿ ಪದರ ಉಳಿದು ಬಟ್ಟೆ ಒರಟಾಗುತ್ತೆ. ಅರ್ಧ ಗಂಟೆ ನೆನೆಸಿ, ಅಂಗೈಯಿಂದ ಒತ್ತಿ ಒತ್ತಿ ಕೊಳೆ ಬಿಡಿಸಿ. ಮೂರು ಸಲ ಬೇರೆ ಬೇರೆ ನೀರಿನಲ್ಲಿ ಜಾಲಿಸಬೇಕು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಕೊಡುವವರಿಗೆ ಈ ಒಂದೇ ಮಾತು ಸಾಕು, ಬೇಡ ಅನ್ನಿಸಲು. ಹಿಂಡಬಾರದು, ಟಬ್ಬು ಬಾಗಿಸಿ ನೀರು ಇಳಿಯಲು ಬಿಟ್ಟು, ಇಬ್ಬರು ಎರಡು ಕಡೆ ಹಿಡಿದು ಎತ್ತಬೇಕು. ತಂತಿ ಮೇಲೆ ಹಾಕಿದರೆ ಮಣಿಯ ಭಾರಕ್ಕೆ ಹೊಲಿಗೆ ಜಗ್ಗುತ್ತೆ. ಮಹಡಿ ಮೇಲೆ ನವಾರು ಮಂಚದಲ್ಲೋ ಪ್ಲಾಸ್ಟಿಕ್ ಪಟ್ಟಿ ಮಂಚದಲ್ಲೋ ಚಪ್ಪಟೆ ಹರಡಿ, ಎರಡು ಮೂರು ಗಂಟೆಗೊಮ್ಮೆ ಮಗುಚಿ ಹಾಕಿ. ಗಾಜು ನೀರು ಹೀರುವುದಿಲ್ಲ, ಅದರ ಸುತ್ತಲಿನ ಹತ್ತಿ ಹೀರುತ್ತೆ. ಮೇಲೆ ಮುಟ್ಟಿದರೆ ಒಣಗಿದಂತಿದ್ದು ಒಳಗೆ ತೇವ ಉಳಿದರೆ ಮುಗ್ಗಲು ವಾಸನೆ ಬರುತ್ತೆ, ಅದು ಸುಲಭಕ್ಕೆ ಹೋಗುವುದಿಲ್ಲ. ಮಳೆಗಾಲದಲ್ಲಿ ಒಗೆಯುವ ಯೋಚನೆಯನ್ನೇ ಮಾಡಬೇಡಿ.

ಇಷ್ಟೆಲ್ಲ ಪಾಡು ತಪ್ಪಿಸುವುದು ಒಂದು ಕವರ್. ತುಮಕೂರಿನ ಎಂ.ಜಿ. ರಸ್ತೆಯ ಯಾವ ಬಟ್ಟೆ ಅಂಗಡಿಯಲ್ಲಾದರೂ 60 ಇಂಚು ಪನ್ನದ ಕಾಟನ್ 4 ಮೀಟರ್ ತೆಗೆದುಕೊಂಡು ಟೈಲರ್‌ಗೆ ಕೊಟ್ಟರೆ ದಿಂಬಿನ ಗವಸಿನ ಹಾಗೆ ಹೊಲಿದುಕೊಡುತ್ತಾರೆ. ಹಳೇ ಕಾಟನ್ ಸೀರೆಯೂ ಆಗುತ್ತೆ, ತೊಳೆದು ತೊಳೆದು ಮೆತ್ತಗಾಗಿರುವುದರಿಂದ ಮೈಗೆ ಇನ್ನೂ ಹಿತ. ಪನ್ನ ನಾಲ್ಕು ಬೆರಳು ಕಡಿಮೆ ಬರುತ್ತೆ. ಉಳಿದ ತುಂಡಿನಲ್ಲಿ ಪಟ್ಟಿ ಕತ್ತರಿಸಿ ಅಂಚಿಗೆ ಸೇರಿಸಿಕೊಳ್ಳಬೇಕು. ಮುಖ್ಯವಾದ್ದು ಲಾಡಿ. ಕವರಿನ ಒಳಗೆ ನಾಲ್ಕು ಮೂಲೆಗೆ ನಾಲ್ಕು, ಉದ್ದದ ಬದಿಗಳಲ್ಲಿ ಎರಡೆರಡು, ಒಟ್ಟು ಎಂಟು ಲಾಡಿ. ಹೊದಿಕೆಯ ಅಂಚಿನಲ್ಲಿ ಅದೇ ಜಾಗಕ್ಕೆ ಎಂಟು ಕುಣಿಕೆ. ನಾಲ್ಕೇ ಹಾಕಿದರೆ ಬೆಳಗಾಗುವಷ್ಟರಲ್ಲಿ ಒಳಗಿನ ಹೊದಿಕೆ ಕಾಲಿನ ಕಡೆ ಜಾರಿ, ಎದೆಯ ಮೇಲೆ ಬರೀ ಕವರಿನ ಬಟ್ಟೆ. ಕುಣಿಕೆ ಹೊಲಿಯುವಾಗ ಸೂಜಿ ಅಂಚಿನ ಪಟ್ಟಿಯಲ್ಲೇ ಇರಲಿ, ಮಣಿಯ ಮನೆಗೆ ತಾಗಬಾರದು. ಟೈಲರ್‌ಗೆ ಇದನ್ನು ಬಾಯಿಬಿಟ್ಟು ಹೇಳಿ. ಕವರ್ ಹದಿನೈದು ದಿನಕ್ಕೊಮ್ಮೆ ಬಟ್ಟೆಯ ಜೊತೆ ಒಗೆದರೆ, ಒಳಗಿನದು ವರ್ಷಕ್ಕೊಮ್ಮೆ ಫೆಬ್ರವರಿ ಬಿಸಿಲಲ್ಲಿ ನೀರು ಕಂಡರೆ ಸಾಕು. ಕವರ್ ಬಂದ ಮೇಲೆ ಇದರ ಮೇಲಿನ ಸಿಟ್ಟು ಬಹುಪಾಲು ಇಳಿಯುತ್ತೆ.

ಕೆಲವು ಸಾವಿರ ಸುರಿಯುವ ಮುಂಚೆ, ಈ ಒತ್ತಡ ನಿಮ್ಮ ಮೈಗೆ ಒಗ್ಗುತ್ತದೋ ಇಲ್ಲವೋ ಮನೆಯಲ್ಲೇ ನೋಡಿಕೊಳ್ಳಬಹುದು. ಕೂಸುಗಳಿಗೆ ರಾಗಿ ದಿಂಬು ಮಾಡುವವರಿಗೆ ಇದು ಹೊಸದೇನಲ್ಲ. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಚೀಲಕ್ಕೆ ಮೂರು ಪಟ್ಟಿ ಹೊಲಿಗೆ ಹಾಕಿ, 2 ಕೆಜಿ ಕಲ್ಲು ಮಣ್ಣಿಲ್ಲದ ರಾಗಿ ತುಂಬಿ ಬಾಯಿ ಹೊಲಿಯಿರಿ. ಒಂದು ವಾರ ದಿನಾ ಸಂಜೆ ಕಾಲು ಗಂಟೆ ತೊಡೆ ಮೇಲೆ ಇಟ್ಟುಕೊಳ್ಳಿ. ಹಿತವೆನಿಸಿದರೆ ಮುಂದುವರಿಯಿರಿ, ಕಿರಿಕಿರಿಯಾದರೆ ದುಡ್ಡು ಉಳಿಯಿತು. ರಾಗಿಯಲ್ಲೇ ಇಡೀ ಹೊದಿಕೆ ಮಾಡಲು ಹೋಗಬೇಡಿ: ಒಗೆಯಲು ಬರುವುದಿಲ್ಲ, ಬೆವರಿನ ತೇವಕ್ಕೆ ಹುಳ ಬೀಳುತ್ತೆ.

ಯಾರು ಹೊದೆಯಬಾರದು ಅನ್ನುವುದರಲ್ಲಿ ರಾಜಿ ಇಲ್ಲ. ತಾನಾಗಿ ತಳ್ಳಿ ಹಾಕಲು ಆಗದವರ ಮೇಲೆ ಇದನ್ನು ಹಾಕಲೇಬಾರದು. ಕೂಸುಗಳಿಗೆ ಭಾರದ ಹೊದಿಕೆ, ಭಾರದ ಮಲಗುವ ಚೀಲ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೆನಡಾದ ಕ್ವಿಬೆಕ್‌ನಲ್ಲಿ 2008ರಲ್ಲಿ ಶಾಲೆಯಲ್ಲಿ ಭಾರದ ಹೊದಿಕೆಯಲ್ಲಿ ಸುತ್ತಿಟ್ಟಿದ್ದ ಒಂಬತ್ತು ವರ್ಷದ ಹುಡುಗ ತೀರಿಕೊಂಡ. ಆಟಿಸಂ ಇರುವ ಮಗುವಿಗೆ ಬೇಕೆನಿಸಿದರೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಹೇಳಿದ ತೂಕ, ಹೇಳಿದಷ್ಟೇ ಹೊತ್ತು, ದೊಡ್ಡವರು ಪಕ್ಕದಲ್ಲಿರುವಾಗ ಮಾತ್ರ. ಮುಖ ಮುಚ್ಚಬಾರದು, ಸುತ್ತಬಾರದು. ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಉಬ್ಬಸ, ಹೃದಯದ ತೊಂದರೆ, ಕಾಲಿನ ರಕ್ತಸಂಚಾರದ ತೊಂದರೆ, ಹೊಸ ಆಪರೇಷನ್ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಈಗ ಕೊಳ್ಳುವವರಿಗೆ ನನ್ನ ಸಲಹೆ 5 ಕೆಜಿ, 4 ಅಡಿಗೆ 6 ಅಡಿ, ಕಾಟನ್ ಹೊರಬಟ್ಟೆ, 4 ಇಂಚಿನ ಚೌಕ, ಅಂಚಿನಲ್ಲಿ ಕುಣಿಕೆ. 7 ಕೆಜಿಯದು 70 ಕೆಜಿ ದಾಟಿದವರಿಗೆ, ಎತ್ತಿ ಇಳಿಸಲು ಮನೆಯಲ್ಲಿ ಇನ್ನೊಬ್ಬರು ಇದ್ದರೆ. ಬೇಸಿಗೆಯಲ್ಲಿ ಎತ್ತಿಡುವಾಗ ಚೆನ್ನಾಗಿ ಬಿಸಿಲು ಕಾಯಿಸಿ, ಮಡಿಸದೆ ಚಾಪೆಯಂತೆ ಸುರುಳಿ ಸುತ್ತಿ ಬೀರುವಿನ ಕೆಳಗಿನ ಅರೆಯಲ್ಲಿ ಇಡಿ. ಅಟ್ಟದ ಮೇಲೆ ಬೇಡ, ಇಳಿಸುವಾಗ ಅಷ್ಟು ಭಾರ ಕತ್ತಿನ ಮೇಲೆ ಬಿದ್ದರೆ ಅಪಾಯ. ಮೊಳೆಗೆ ನೇತು ಹಾಕುವುದೂ ಬೇಡ, ಮುಂದಿನ ಕಾರ್ತಿಕದ ಹೊತ್ತಿಗೆ ಮೇಲಿನ ಸಾಲಿನ ಹೊಲಿಗೆ ಬಿಟ್ಟಿರುತ್ತೆ.