ಜೋಳದ ಮೇಲೆ ಬೆಳೆಸಿದ ಚಿಪ್ಪಣಬೆ ಬೀಜ: ಮಲೆನಾಡಿನ ಭತ್ತದ ಹುಲ್ಲಿಗೆ ಹೇಗಿದೆ?

ಶಿವಮೊಗ್ಗದಲ್ಲಿ ಕೊಂಡ ಅರ್ಧ ಕೆಜಿ ಪೊಟ್ಟಣ ಇದು. ಜೋಳದ ಕಾಳಿನ ಸುತ್ತ ಅಣಬೆಯ ಬಿಳಿ ಎಳೆ ಒತ್ತಾಗಿ ಹಬ್ಬಿದೆ, ಹಿಸುಕಿದರೆ ಕಾಳು ಬಿಡಿಬಿಡಿಯಾಗುತ್ತದೆ, ಹುಳಿ ವಾಸನೆಯಿಲ್ಲ. ಬೀಜ ಒಳ್ಳೆಯದು. ಆದರೆ ತಯಾರಿಸಿದ ದಿನಾಂಕವೇ ಇಲ್ಲ, ಇದು ದೊಡ್ಡ ಕೊರತೆ. ಹಳೆಯ ಬೀಜ ಹಳದಿ ನೀರು ಬಿಡುತ್ತದೆ, ನಿಧಾನವಾಗಿ ಹಬ್ಬುತ್ತದೆ. ಅಷ್ಟರಲ್ಲಿ ಹುಲ್ಲು ತುಂಬಿದ ಚೀಲವನ್ನು ಹಸಿರು ಬೂಷ್ಟು ಹಿಡಿದಿರುತ್ತದೆ.

5 ಕೆಜಿ ಒಣಹುಲ್ಲಿಗೆ ಒಂದು ಪೊಟ್ಟಣ ಸಾಕು. ಒಳಗಿನ ಚೀಟಿಯಲ್ಲಿ ‘ಹುಲ್ಲು ಕುದಿಸಿ’ ಎಂದಷ್ಟೇ ಇದೆ. ಅದು ಸಾಲದು, ಸರಿಯೂ ಅಲ್ಲ. ಎರಡಿಂಚಿಗೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, 80 ಡಿಗ್ರಿ ನೀರಲ್ಲಿ ಒಂದು ಗಂಟೆ ಇಡಬೇಕು. ಬಹಳ ಹೊತ್ತು ಕುದಿಸಿದರೆ ಬೂಷ್ಟನ್ನು ತಡೆಯುವ ಶಾಖಸಹಿಷ್ಣು ಬ್ಯಾಕ್ಟೀರಿಯಾವೂ ಸಾಯುತ್ತವೆ. ಬಸಿದ ಹುಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ಮಳೆಗೆ ನೆಂದು ಕಪ್ಪಾದ ಬಣವೆಯ ಹುಲ್ಲು ಬೇಡವೇ ಬೇಡ.

ತಣಿದ ಹುಲ್ಲಿಗೆ ಬೀಜ ಬೆರೆಸಿ ಚೀಲಕ್ಕೆ ತುಂಬಿಟ್ಟರೆ, 25 ಡಿಗ್ರಿ ಆಸುಪಾಸಿನ ಕತ್ತಲೆ ಕೋಣೆಯಲ್ಲಿ ಎರಡು–ಮೂರು ವಾರಕ್ಕೆ ಚೀಲ ಬೆಳ್ಳಗಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ತೇವಕ್ಕೆ ಕೊರತೆಯಿಲ್ಲ, ಕೊರತೆ ಗಾಳಿಗೆ. ಕೋಣೆ ಮುಚ್ಚಿಟ್ಟರೆ ಇಂಗಾಲದ ಡೈಆಕ್ಸೈಡ್ ತುಂಬಿ ಅಣಬೆಯ ಕಾಂಡ ಉದ್ದ, ಟೋಪಿ ಅಂಗಿ ಗುಂಡಿಯಷ್ಟೇ.

ಚೀಟಿ ಹೇಳದ ಇನ್ನೊಂದು ಲಾಭ ಕಿಣ್ವದ್ದು. ಎಳೆಗಳು ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಎಂಬ ಕಿಣ್ವ ಸುರಿಸಿಯೇ ಹುಲ್ಲನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯುವುದು. ಚೀಲ ಪೂರ್ತಿ ಬಿಳಿಯಾಗಿ ಮೊಗ್ಗು ಕಾಣುವ ಮುನ್ನ ಲ್ಯಾಕೇಸ್ ಜಾಸ್ತಿ, ಅಣಬೆ ಬಂದಂತೆ ಇಳಿಯುತ್ತದೆ. ಕಿಣ್ವ ಬೇಕಿದ್ದವರು ಒಂದು ಚೀಲವನ್ನು ಆಗಲೇ ತೆಗೆದಿಟ್ಟು, ಹುಲ್ಲಿನ ಐದು ಪಟ್ಟು ತಣ್ಣೀರಲ್ಲಿ ಒಂದು ಗಂಟೆ ಕದಡಿ, ಬಟ್ಟೆಯಲ್ಲಿ ಸೋಸಿ, ಫ್ರಿಜ್ಜಿನಲ್ಲಿಡಬೇಕು. ಬಿಸಿನೀರು ಹಾಕಿದರೆ ಕಿಣ್ವ ಕೆಡುತ್ತದೆ. ಗ್ವಾಯಕಾಲ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಬೆರೆಸಿದಾಗ ಸೋಸಿದ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಲ್ಯಾಕೇಸ್ ಕೆಲಸ ಮಾಡುತ್ತಿದೆ ಎಂದರ್ಥ.

ಕೊಯ್ಲು ಮುಗಿದ ಚೀಲದಲ್ಲೂ ಎಳೆ ಜೀವಂತವಿರುತ್ತದೆ, ಅಡಿಕೆ ಸಿಪ್ಪೆ ಕೊಳೆಸಲು ಅದು ನೆರವಾಗುತ್ತದೆ. ಸುಡಬೇಡಿ, ಹಸಿರು ಬೂಷ್ಟು ಹಿಡಿದದ್ದನ್ನು ಬೇರ್ಪಡಿಸಿ, ಉಳಿದದ್ದನ್ನು ನೆನೆಸಿದ ಅಡಿಕೆ ಸಿಪ್ಪೆಯ ನಡುವೆ ಪದರವಾಗಿ ಹರಡಿ, ಗುಡ್ಡೆ ಒಣಗದಂತೆ ನೋಡಿಕೊಳ್ಳಿ.